ಮೀನು ಸತ್ತ ಮೇಲೆ ಹಿಡಿಯುವ ಬಾಟಲಿ, ಮರಿ ಬಿಡುವ ಮೊದಲೇ ಹಿಡಿಯಲಿ

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ದಿನ ಬೆಳಗ್ಗೆ ಐದೂಮುಕ್ಕಾಲಿಗೆ ಫೋನ್ ಬಂತು. "ಅಣ್ಣಾ, ಕೆರೇಲಿ ಮೀನು ತೇಲ್ತಾವೆ. ಯಾರೋ ಔಷಧಿ ಹಾಕವ್ರೆ. ಬೇಗ ಬಾ."

ಮಾಕಳಿಯಿಂದ ಬೈಕಿನಲ್ಲಿ ಅರ್ಧ ಗಂಟೆ ದಾರಿ. (ಮಾಕಳಿ ಅಂದರೆ ದೊಡ್ಡಬಳ್ಳಾಪುರದ ಹತ್ತಿರದ ಮಾಕಳಿದುರ್ಗವಾ ಎಂದು ಕೇಳುವವರೇ ಹೆಚ್ಚು. ಅಲ್ಲ, ಇದು ತುಮಕೂರು ರಸ್ತೆಯ ಮಾಕಳಿ.) ಹೋಗಿ ನೋಡಿದೆ. ಏರಿಯ ಮೇಲೆ ಜನ, ನೀರಿನ ಅಂಚಿನಲ್ಲಿ ಹೊಟ್ಟೆ ಮೇಲಾದ ಮೀನು, ಮೂಗು ಮುಚ್ಚಿಕೊಂಡು ನಿಂತ ಮಕ್ಕಳು. ಕೆರೆಯ ಮೀನು ಹರಾಜು ಹಿಡಿದವನು ಒಂದು ಕಲ್ಲಿನ ಮೇಲೆ ಕೂತಿದ್ದ, ಮಾತಾಡಲಿಲ್ಲ. ಅವನ ತಮ್ಮ ಮಾತ್ರ ಹರಾಜಿನಲ್ಲಿ ಸೋತ ಮನೆಯವರ ಹೆಸರು ಹಿಡಿದು ಕೂಗಾಡುತ್ತಿದ್ದ.

ನಾನು ನಾಲ್ಕು ಸಾಲು ಬರೆದು ಕಳಿಸಿದೆ. "ಕೆರೆಯಲ್ಲಿ ಮೀನುಗಳ ಮಾರಣಹೋಮ, ವಿಷ ಬೆರೆಸಿದ ಶಂಕೆ." ಮಾರನೇ ದಿನ ಒಳಪುಟದಲ್ಲಿ ಬಂತು, ಫೋಟೋ ಸಮೇತ. ಆ ಎರಡು ಮನೆಯವರು ಇವತ್ತಿಗೂ ಮಾತಾಡುತ್ತಿಲ್ಲ. ಒಂದು ಮದುವೆ ಮಾತುಕತೆ ಅಲ್ಲಿಗೇ ನಿಂತಿತು.

ಈಚೆಗೆ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಅವತ್ತು ನಾನೇ ಬರೆದುಕೊಂಡದ್ದು ಅದರಲ್ಲಿದೆ: ಸತ್ತದ್ದೆಲ್ಲ ಕಾಮನ್ ಕಾರ್ಪ್, ಅಂದರೆ ಸಾಮಾನ್ಯ ಗೆಂಡೆ. ಕಟ್ಲಾ, ರೋಹು ಒಂದೂ ಇಲ್ಲ. ಕಪ್ಪೆ, ನೀರುಹಾವು ಚೆನ್ನಾಗಿಯೇ ಓಡಾಡುತ್ತಿವೆ. ಸಾವು ಒಂದೇ ರಾತ್ರಿಯದಲ್ಲ, ವಾರದಿಂದ ದಿನಕ್ಕೆ ಹತ್ತು ಇಪ್ಪತ್ತು ತೇಲುತ್ತಿದ್ದವು, ಅವತ್ತು ಜಾಸ್ತಿಯಾಯಿತು. ಮೂರು ವಾರದ ಹಿಂದೆ ಟೆಂಪೊದಲ್ಲಿ ಹೊಸ ಮರಿ ತಂದು ಬಿಟ್ಟಿದ್ದರು.

ಇಷ್ಟನ್ನೂ ಬರೆದುಕೊಂಡು, ಕೊನೆಗೆ ಬರೆದದ್ದು ವಿಷ ಎಂದು. ವಿಷಕ್ಕೆ ಗೆಂಡೆ ಯಾವುದು, ರೋಹು ಯಾವುದು ಎಂದು ಗೊತ್ತಾಗುತ್ತದೆಯೆ? ಡಿಪ್ಲೊಮಾದಲ್ಲಿ ಕಲಿಸಿದ್ದು ಬೇರೆಯೇ ಇತ್ತು. ಡೆಸ್ಕಿಗೆ ಸುದ್ದಿ ಬೇಗ ಬೇಕಿತ್ತು, ನನಗೂ ಬೇಗ ಮುಗಿಸಬೇಕಿತ್ತು.

ಹಾಗಂತ ಅದು ವೈರಸ್ ರೋಗವೇ ಎಂದು ನಾನು ಈಗ ಹೇಳುತ್ತಿಲ್ಲ. ಹೇಳಲು ಬರುವುದಿಲ್ಲ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಒಂದು ಬಾಟಲಿ ನೀರು ಹೋಯಿತು, ಅದರಲ್ಲಿ ಆಮ್ಲಜನಕ, ಪಿಎಚ್ ನೋಡಿದರು, ಅಷ್ಟೇ. ಅದೇ ಬಾಟಲಿ ನೀರಿನಲ್ಲಿ ವೈರಸ್ಸನ್ನೂ ಹುಡುಕಬಹುದು ಎಂಬುದು ಏರಿಯ ಮೇಲೆ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬೆಂಗಳೂರು ಸುತ್ತಮುತ್ತ ಮೀನು ಸತ್ತರೆ ಎರಡೇ ಕಾರಣ ಹೇಳುವುದು ರೂಢಿ. ಊರಿನವರು ವಿಷ ಅನ್ನುತ್ತಾರೆ, ಅಧಿಕಾರಿಗಳು ಕೊಳಚೆ ಅನ್ನುತ್ತಾರೆ. ಕೊಳಚೆ ಅನ್ನುವುದರಲ್ಲಿ ಸತ್ಯ ಬಹಳ ಇದೆ. 1995ರ ಜೂನ್‌ನಲ್ಲಿ ಸ್ಯಾಂಕಿ ಕೆರೆಯಲ್ಲಿ ಮೀನು ಸತ್ತಾಗ ವಿಜ್ಞಾನಿಗಳು ನೋಡಿ ಹೇಳಿದ್ದು ಅದನ್ನೇ, ಕೊಳಚೆ ನುಗ್ಗಿ ಆಮ್ಲಜನಕ ಕುಸಿದಿತ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗಲೂ ಅದೇ ಮಾತು. ಆಮ್ಲಜನಕ ಕಡಿಮೆಯಾಗಿ ಸತ್ತರೆ ಗುರುತು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಸಾವು ಬೆಳಗಿನ ಜಾವ ಆಗುತ್ತದೆ, ಅದಕ್ಕೂ ಮುಂಚೆ ಮೀನು ನೀರಿನ ಮೇಲೆ ಬಾಯಿ ತೆರೆದು ಗಾಳಿ ಗುಟುಕರಿಸುತ್ತವೆ, ದೊಡ್ಡ ಮೀನು ಮೊದಲು ಹೋಗುತ್ತವೆ, ಜಾತಿ ಭೇದ ಇರುವುದಿಲ್ಲ. ವಿಷವಾದರೆ ಕಪ್ಪೆ, ಹುಳ, ಸಣ್ಣಪುಟ್ಟ ಜೀವವೆಲ್ಲ ಜೊತೆಗೇ ಸಾಯುತ್ತವೆ. ರೋಗದ ನಡೆ ಬೇರೆ. ದಿನ ದಿನ ಸ್ವಲ್ಪ ಸ್ವಲ್ಪ, ಹೆಚ್ಚಾಗಿ ಒಂದೇ ಜಾತಿ, ಒಂದೇ ಅಳತೆ.

ನಮ್ಮ ದೇಶಕ್ಕೆ ಮೀನಿನ ವೈರಸ್ ಬಂದಿಲ್ಲ ಎನ್ನುವ ಹಾಗೂ ಇಲ್ಲ. ಜಿಲೇಬಿ ಮೀನು, ಅಂದರೆ ತಿಲಾಪಿಯಾಗೆ ಬರುವ ತಿಲಾಪಿಯಾ ಲೇಕ್ ವೈರಸ್ ಪಶ್ಚಿಮ ಬಂಗಾಳ ಮತ್ತು ಕೇರಳದ ಮೀನುಗಳಲ್ಲಿ ಸಿಕ್ಕಿದೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಣ್ಣದ ಕೊಯ್ ಮೀನಿನಲ್ಲಿ ಕಾರ್ಪ್ ಎಡಿಮಾ ವೈರಸ್ ಸಿಕ್ಕಿದ್ದು 2016ರಲ್ಲಿ ವರದಿಯಾಯಿತು. ಕೊಯ್ ಅಂದರೆ ಬೇರೇನೂ ಅಲ್ಲ, ನಮ್ಮ ಕೆರೆಯ ಸಾಮಾನ್ಯ ಗೆಂಡೆಯದೇ ಬಣ್ಣದ ತಳಿ. ಆ ರೋಗ ಬಂದ ಮೀನು ತಳದಲ್ಲಿ ಮಲಗಿದಂತೆ ಬಿದ್ದಿರುತ್ತದೆ. ಅದಕ್ಕೇ ಅದನ್ನು ನಿದ್ದೆ ರೋಗ ಎಂದೂ ಕರೆಯುತ್ತಾರೆ.

ಇಸ್ರೇಲಿನ ಕಥೆ ಕೇಳಿ. ಅಲ್ಲಿನ ಕಿನ್ನೆರೆಟ್ ಸರೋವರದಲ್ಲಿ 2009ರ ಹೊತ್ತಿಗೆ ತಿಲಾಪಿಯಾ ಸಾಯಲು ಶುರುವಾಯಿತು. ಕಾರಣ ಈ ವೈರಸ್ ಎಂದು ಖಚಿತವಾಗಿ ಬರೆದದ್ದು 2014ರಲ್ಲಿ. ನಡುವೆ ಐದು ವರ್ಷ. ಆ ಐದು ವರ್ಷ ಅಲ್ಲಿಯೂ ಜನ ಯಾರ್‍ಯಾರನ್ನೋ ಬೈದುಕೊಂಡೇ ಇದ್ದಿರಬೇಕು.

ಇನ್ನು ನೀರಿನ ಪರೀಕ್ಷೆ ಏನೆಂದು ನೋಡೋಣ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಪಾಠ ಬೇಡ, ಕೊರೊನಾ ನೆನಪಿದ್ದರೆ ಸಾಕು. ಮೂಗಿಗೆ ಕಡ್ಡಿ ಹಾಕಿ ತೆಗೆದದ್ದನ್ನು ಪಿಸಿಆರ್ ಯಂತ್ರಕ್ಕೆ ಹಾಕುತ್ತಿದ್ದರು. ವೈರಸ್ಸಿನ ವಂಶವಾಹಿಯ ತುಣುಕು ಇದ್ದರೆ ಯಂತ್ರ ಅದನ್ನು ಕೋಟಿ ಪಟ್ಟು ಹೆಚ್ಚಿಸಿ ಇದೆ ಎಂದು ತೋರಿಸುತ್ತಿತ್ತು. ಮೀನಿಗೂ ಅದೇ ಯಂತ್ರ, ಆದರೆ ಕಡ್ಡಿ ಹಾಕಲು ಮೀನನ್ನು ಹಿಡಿಯಬೇಕಿಲ್ಲ. ರೋಗ ತಗುಲಿದ ಮೀನು ತನ್ನ ಲೋಳೆ, ಮಲ, ಮೂತ್ರದ ಜೊತೆ ವೈರಸ್ಸನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಸಾಯುವ ಮುಂಚೆಯೇ ಬಿಡಲು ಶುರು ಮಾಡುತ್ತದೆ. ಆ ನೀರನ್ನು ತುಂಬ ಸಣ್ಣ ತೂತಿನ ಜಾಲರಿಯಲ್ಲಿ ಸೋಸಿ, ಜಾಲರಿಯಲ್ಲಿ ಉಳಿದದ್ದನ್ನು ಪರೀಕ್ಷೆ ಮಾಡಿದರೆ ಆಯಿತು.

ಸೋಸುವುದಕ್ಕೆ ಇನ್ನೊಂದು ಉಪಾಯವನ್ನು ಥಾಯ್ಲೆಂಡಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ನೀರಿಗೆ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕುತ್ತಾರೆ. ಕಲಕಿದ ನೀರಿಗೆ ಪಟಿಕ ಹಾಕಿದರೆ ಹೇಗೆ ಕೆಸರು ಕೂಡಿಕೊಂಡು ಕೆಳಗೆ ಕೂರುತ್ತದೋ ಹಾಗೆ ವೈರಸ್ ಆ ಕಬ್ಬಿಣದ ಗಸಿಗೆ ಅಂಟಿಕೊಳ್ಳುತ್ತದೆ. ಗಸಿಯನ್ನು ಸೋಸಿ ತೆಗೆದು ಪಿಸಿಆರ್‌ಗೆ ಹಾಕಿದರೆ ತಿಲಾಪಿಯಾ ವೈರಸ್ಸನ್ನು ನೀರಿನಲ್ಲೇ ಲೆಕ್ಕ ಹಾಕಬಹುದು.

ಜಪಾನಿನಲ್ಲಿ ಇದನ್ನು ನದಿಯಲ್ಲೇ ಮಾಡಿದ್ದಾರೆ. 2003ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಸುಮಿಗೌರಾ ಸರೋವರದ ಗೆಂಡೆ ಸಾಕಣೆಗೆ ಕೊಯ್ ಹರ್ಪಿಸ್ ವೈರಸ್ ಬಡಿದು ದೊಡ್ಡ ನಷ್ಟವಾಯಿತು. ಆಮೇಲೆ 2007ರಲ್ಲಿ ಯೂರಾ ನದಿಯಲ್ಲಿ ಅದೇ ರೋಗ ಬಂದಾಗ ಸಂಶೋಧಕರು ಮೀನನ್ನಲ್ಲ, ನೀರನ್ನು ಹಿಡಿದುಕೊಂಡು ಹೋದರು. ಮೀನು ಸಾಯುವುದು ನಿಂತು ಮೂರು ತಿಂಗಳಾದರೂ ನೀರಿನಲ್ಲಿ ವೈರಸ್ಸಿನ ಡಿಎನ್‌ಎ ಸಿಗುತ್ತಲೇ ಇತ್ತು. ಈ ಮಾತು ನಮಗೆ ಮುಖ್ಯ. ಸಾವು ನಿಂತಿತು ಎಂದು ಮೂರನೇ ವಾರಕ್ಕೇ ಹೊಸ ಮರಿ ತಂದು ಬಿಡುವವರು ನಾವು.

ಇದೆಲ್ಲ ಜಪಾನಿನ ಸಂಗತಿ, ನಮಗೆಲ್ಲಿ ಎನ್ನಬೇಡಿ. 2022ರಲ್ಲಿ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳ ನೀರು ತೆಗೆದು ಕೊರೊನಾ ವೈರಸ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಲೆಕ್ಕ ಹಾಕಿದವರು ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಅದರ ಜೊತೆಗಾರ ಸಂಸ್ಥೆಯ ವಿಜ್ಞಾನಿಗಳು. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಕಾಣುವ ಅದೇ ಜಿಕೆವಿಕೆ. ಊರಿಡೀ ಜನರ ಕಾಯಿಲೆಯನ್ನು ಮೋರಿ ನೀರಿನಲ್ಲಿ ಓದಿದ ಕೈಗಳು ಇಲ್ಲೇ ಇವೆ. ಯಲಹಂಕದಲ್ಲೇ ಇರುವ ನಿವೇದಿ ಸಂಸ್ಥೆ ದನ, ಕುರಿಗಳ ರೋಗ ಯಾವ ಜಿಲ್ಲೆಗೆ ಬರಬಹುದೆಂದು ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ನಮ್ಮ ಪಕ್ಕದ ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನೆಯ ಕೇಂದ್ರ ಸರ್ಕಾರದ ಸಂಸ್ಥೆ ಸಿಫಾದ ಪ್ರಾದೇಶಿಕ ಕೇಂದ್ರವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಯಂತ್ರವೂ ಇದೆ, ಓದಿದವರೂ ಇದ್ದಾರೆ. ಇವರ ಮತ್ತು ಕೆರೆ ಏರಿಯ ನಡುವೆ ಒಂದು ಐಸ್ ಡಬ್ಬಿ ಓಡಾಡುವ ವ್ಯವಸ್ಥೆ ಮಾತ್ರ ಇಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ಪರೀಕ್ಷೆಯನ್ನು ಕೆರೆಯಲ್ಲಿ ಅಲ್ಲ, ಮರಿ ಮಾರುವ ಕೊಳದಲ್ಲಿ ಮಾಡಬೇಕು. ಮರಿ ಟೆಂಪೊ ಹತ್ತುವ ಮುಂಚೆ ಮಾಡಬೇಕು.

ಯಾಕೆಂದರೆ, ಐವತ್ತು ಎಕರೆ ಕೆರೆಯಲ್ಲಿ ಒಂದು ಲೀಟರ್ ಬಾಟಲಿ ಎಷ್ಟು ಹೇಳೀತು? ತೂಬಿನ ಹತ್ತಿರ ತೆಗೆದ ನೀರಿನಲ್ಲಿ ಇಲ್ಲದ್ದು ಕೋಡಿಯ ಹತ್ತಿರ ಇರಬಹುದು. ಮಳೆ ಬಂದರೆ ತೆಳುವಾಗುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ಮರಿ ಸಾಕುವ ಕೊಳ ಹಾಗಲ್ಲ. ನೀರು ಕಡಿಮೆ, ಮರಿ ಲಕ್ಷಗಟ್ಟಲೆ, ಎಲ್ಲ ಒತ್ತೊತ್ತಾಗಿ. ಮಾರುವ ಹಿಂದಿನ ದಿನ ಸಿಮೆಂಟ್ ತೊಟ್ಟಿಯಲ್ಲೋ ಬಲೆಯ ಹಾಪಾದಲ್ಲೋ ಹಸಿವಿಗೆ ಬಿಟ್ಟಿರುತ್ತಾರಲ್ಲ, ಆಗಂತೂ ಒಂದು ಬಿಂದಿಗೆ ನೀರಿಗೆ ಎಷ್ಟೋ ಮರಿಯ ಲೋಳೆ ಸೇರಿರುತ್ತದೆ. ಅಲ್ಲಿ ತೆಗೆದ ಒಂದು ಬಾಟಲಿ ನೀರು ನೂರು ಮರಿ ಕೊಂದು ಪರೀಕ್ಷೆ ಮಾಡುವುದಕ್ಕಿಂತ ಹೆಚ್ಚು ಮರಿಗಳ ಸುದ್ದಿ ಹೇಳಬಲ್ಲದು. ನೋಡಲು ಚುರುಕಾಗಿ ಈಜುವ ಮರಿಯೂ ವೈರಸ್ ಹೊತ್ತಿರಬಹುದು, ಕಣ್ಣಿನಲ್ಲಿ ನೋಡಿ ಕೊಂಡರೆ ಗೊತ್ತಾಗುವುದಿಲ್ಲ.

ನಮ್ಮ ಕೆರೆಗಳಿಗೆ ಬರುವ ಮರಿ ಎಲ್ಲೆಲ್ಲಿಯದೋ. ಭದ್ರಾ ಅಣೆಕಟ್ಟಿನ ಸರ್ಕಾರಿ ಮರಿ ಕೇಂದ್ರದ್ದೂ ಬರುತ್ತದೆ, ಆಂಧ್ರದ್ದೂ ಬರುತ್ತದೆ, ಬಂಗಾಳದ್ದೂ ಬರುತ್ತದೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿಯ ಜೊತೆ ಅಲ್ಲಿಯ ನೀರೂ ಬರುತ್ತದೆ. ಬಿಸಿ ಸರಿಹೊಂದಲಿ ಎಂದು ಚೀಲವನ್ನು ಕೆರೆಯಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ನೀರು ಸಮೇತ ಸುರಿಯುತ್ತೇವೆ. ಇದಕ್ಕಿಂತ ಸಲೀಸಾದ ದಾರಿ ವೈರಸ್ಸಿಗೆ ಬೇಕೆ?

ಕರಾವಳಿಯವರು ಈ ಪಾಠವನ್ನು ದುಡ್ಡು ಕಳೆದುಕೊಂಡು ಕಲಿತರು. 1994ರ ಹೊತ್ತಿಗೆ ಸಿಗಡಿಗೆ ಬಿಳಿಚುಕ್ಕೆ ವೈರಸ್ ಬಂದು ದೇಶದ ಕರಾವಳಿಯುದ್ದಕ್ಕೂ ಹೊಂಡಗಳು ಖಾಲಿಯಾದವು. ಈಗ ಅಲ್ಲಿ ಸಿಗಡಿ ಮರಿ ಕೊಳ್ಳುವವನು ಬೆಲೆ ಕೇಳುವ ಜೊತೆಗೇ ಪಿಸಿಆರ್ ಆಗಿದೆಯಾ ಎಂದು ಕೇಳುತ್ತಾನೆ. ಆ ಮಾತು ಅಲ್ಲಿ ವ್ಯಾಪಾರದ ಮಾತಾಗಿದೆ. ಘಟ್ಟದ ಮೇಲಿನ ನಾವು ಇನ್ನೂ "ಸಾವಿರಕ್ಕೆ ಎಷ್ಟು, ಎಷ್ಟು ಇಂಚು" ಎನ್ನುವಲ್ಲೇ ಇದ್ದೇವೆ. ಸಿಗಡಿಯಲ್ಲಿ ದುಡ್ಡು ಜಾಸ್ತಿ, ಗೆಂಡೆಯಲ್ಲಿ ಕಡಿಮೆ, ಪರೀಕ್ಷೆಯ ಖರ್ಚು ಯಾರು ಕೊಡುತ್ತಾರೆ ಎಂದು ಒಬ್ಬ ಮರಿ ಸಾಕುವವರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಸಣ್ಣ ಸಾಕಣೆದಾರನ ತಲೆ ಮೇಲೆ ಹಾಕಿದರೆ ಅವನು ಪರೀಕ್ಷೆಯನ್ನೇ ತಪ್ಪಿಸುತ್ತಾನೆ. ಸರ್ಕಾರಿ ಮರಿ ಕೇಂದ್ರಗಳಿಂದಲೇ ಶುರುವಾಗಲಿ, ಖರ್ಚು ಇಲಾಖೆಯದೇ ಇರಲಿ. ಸರ್ಕಾರಿ ಮರಿ ಚೀಟಿ ಸಮೇತ ಬರತೊಡಗಿದರೆ ಖಾಸಗಿಯವರನ್ನು ಜನರೇ ಕೇಳುತ್ತಾರೆ.

ಅವರು ಇನ್ನೊಂದು ಮಾತೂ ಹೇಳಿದರು, ಅದು ಇದಕ್ಕಿಂತ ಭಾರದ್ದು. "ನೀರಿನಲ್ಲಿ ವೈರಸ್ ಐತೆ ಅಂತ ಒಂದು ಚೀಟಿ ಬಂದ್ರೆ ನನ್ನ ಹೆಸರು ಹೋಯ್ತು. ಆಮೇಲೆ ತಪ್ಪು ಅಂತ ಗೊತ್ತಾದ್ರೂ ವಾಪಸ್ ಬರಲ್ಲ." ವಿಷದ ಸುದ್ದಿ ಬರೆದು ಒಂದು ಮನೆಯವರ ಹೆಸರು ಕೆಡಿಸಿದ ನನಗೆ ಇದಕ್ಕೆ ಎದುರು ಮಾತಾಡುವ ಮುಖ ಇರಲಿಲ್ಲ.

ನಿಜವಾಗಿಯೂ ಈ ಪರೀಕ್ಷೆಗೆ ಮಿತಿಗಳಿವೆ. ಪಿಸಿಆರ್ ತೋರಿಸುವುದು ವೈರಸ್ಸಿನ ತುಣುಕನ್ನು. ಅದು ಜೀವಂತ ವೈರಸ್ಸೋ ಸತ್ತದ್ದರ ಅವಶೇಷವೋ ಹೇಳುವುದಿಲ್ಲ. ನೀರಿನಲ್ಲಿ ಸಿಕ್ಕಿತು ಎಂದರೆ ಆ ಕೊಳದ ಮರಿಗೆ ರೋಗ ಬಂದೇ ಬಿಟ್ಟಿದೆ ಎಂದಲ್ಲ, ಮೇಲಿನ ಕಾಲುವೆಯಿಂದ ಬಂದದ್ದೂ ಇರಬಹುದು. ಸಿಗಲಿಲ್ಲ ಎಂದರೆ ಇಲ್ಲವೇ ಇಲ್ಲ ಎಂದೂ ಅಲ್ಲ. ಹಸಿರು ಪಾಚಿ, ಕೆಸರು ಜಾಸ್ತಿ ಇದ್ದರೆ ಯಂತ್ರವೇ ದಾರಿ ತಪ್ಪಬಹುದು. ಯಾವ ವೈರಸ್ ಹುಡುಕಿ ಎಂದು ಹೇಳುತ್ತೇವೋ ಅದನ್ನು ಮಾತ್ರ ಹುಡುಕುತ್ತದೆ, ಹೊಸದೊಂದು ಬಂದಿದ್ದರೆ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ನೀರಿನಲ್ಲಿ ಸಿಕ್ಕ ಕೂಡಲೇ ಊರಿಗೆಲ್ಲ ಸಾರಬಾರದು. ಅದು ಬಾಗಿಲು ತಟ್ಟಿದ ಹಾಗೆ. ಬಾಗಿಲು ತೆಗೆದು ನೋಡಬೇಕು, ಅಂದರೆ ಮೀನನ್ನೇ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಮಾರಾಟ ಮಾತ್ರ ನಿಲ್ಲಬೇಕು, ಫಲಿತಾಂಶ ಮೊದಲು ಸಾಕಣೆದಾರನಿಗೇ ತಿಳಿಯಬೇಕು, ನಿಂತ ದಿನಗಳ ನಷ್ಟಕ್ಕೆ ಏನಾದರೂ ಪರಿಹಾರ ಇರಬೇಕು. ಪರಿಹಾರ ಇಲ್ಲದ ಕಡೆ ರೋಗವನ್ನು ಯಾರೂ ಹೇಳುವುದಿಲ್ಲ. ಕೋಳಿಜ್ವರದಲ್ಲಿ ಪರಿಹಾರ ಕೊಡುವುದು ಸುಮ್ಮನೆ ಅಲ್ಲ.

"ವೈರಸ್ಸಿಗೆ ಔಷಧಿಯೇ ಇಲ್ಲವಲ್ಲ, ಗೊತ್ತಾಗಿ ಏನು ಮಾಡೋದು?" ಎಂದು ಕೇಳಬಹುದು. ಔಷಧಿ ಇಲ್ಲ ಎಂದು ಗೊತ್ತಾಗುವುದೇ ಒಂದು ಉಳಿತಾಯ. ಮೀನು ಸಾಯತೊಡಗಿದ ಕೂಡಲೇ ಅಂಗಡಿಗೆ ಓಡಿ ಆ್ಯಂಟಿಬಯೋಟಿಕ್, ಟಾನಿಕ್, ಹೆಸರೇ ಇಲ್ಲದ ಪುಡಿಗಳನ್ನು ತಂದು ಸುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವೈರಸ್ಸಿಗೆ ಆ್ಯಂಟಿಬಯೋಟಿಕ್ ತಾಗುವುದೇ ಇಲ್ಲ. ಅದು ಸೇರುವುದು ದನ ಕುಡಿಯುವ ನೀರಿಗೆ. ಗೊತ್ತಾದರೆ ಮಾಡಬಹುದಾದದ್ದು ಬೇರೆ ಇದೆ: ಆ ಕೊಳದ ಮರಿಯನ್ನು ಬೇರೆ ಕೆರೆಗೆ ಕೊಡದೇ ಇರುವುದು, ಬಲೆ, ಬುಟ್ಟಿ, ಹರಿಗೋಲನ್ನು ಇನ್ನೊಂದು ಕೆರೆಗೆ ಒಯ್ಯುವ ಮುಂಚೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸುವುದು, ಸತ್ತ ಮೀನನ್ನು ಸುಣ್ಣ ಹಾಕಿ ಹೂಳುವುದು, ಹೊಸ ಮರಿ ಬಿಡಲು ಅವಸರ ಮಾಡದೇ ಇರುವುದು. ನಮ್ಮ ಕಡೆ ಸತ್ತ ಮೀನನ್ನು ಎತ್ತಿ ಕೋಡಿಯಾಚೆ ಎಸೆಯುವ ಅಭ್ಯಾಸ ಇದೆ. ಕೋಡಿಯ ಕೆಳಗೆ ಇನ್ನೊಂದು ಊರಿನ ಕೆರೆ ಇದೆ ಎಂಬುದು ಅವಸರದಲ್ಲಿ ಮರೆತುಹೋಗುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಜಲಚರಗಳ ರೋಗ ಕಣ್ಗಾವಲಿನ ರಾಷ್ಟ್ರೀಯ ಕಾರ್ಯಕ್ರಮ 2013ರಿಂದ ಇದೆ, ಲಖನೌದ ಎನ್‌ಬಿಎಫ್‌ಜಿಆರ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. 2023ರ ಜೂನ್‌ನಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆ್ಯಪ್ ಕೂಡ ಬಂತು. ಮೀನು ಸತ್ತರೆ ಫೋಟೋ ಸಮೇತ ಅದರಲ್ಲೇ ತಿಳಿಸಬಹುದು. ನಮ್ಮ ಹೋಬಳಿಯಲ್ಲಿ ಕೆರೆ ಹಿಡಿದ ಆರು ಜನರನ್ನು ವಿಚಾರಿಸಿದೆ, ಆ್ಯಪ್ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಆರೂ ಜನರ ಫೋನಿನಲ್ಲಿ ಯೂಟ್ಯೂಬ್ ಮಾತ್ರ ಇತ್ತು, ಅದರಲ್ಲಿ ಮೀನು ಸಾಕಿ ಕೋಟಿ ಗಳಿಸಿದವರ ವಿಡಿಯೋ ಇದ್ದವು.

ಇಷ್ಟಾದರೂ ಒಂದು ದಿನ ಕೆರೆಯಲ್ಲಿ ಮೀನು ತೇಲಿದರೆ, ಪೊಲೀಸರಿಗೆ ಫೋನ್ ಮಾಡುವ ಮೊದಲು ಸ್ವಲ್ಪ ನಿಂತು ನೋಡಿ. ಯಾವ ಜಾತಿ, ಯಾವ ಅಳತೆ, ಎಷ್ಟು ದಿನದಿಂದ, ಹಗಲೋ ಜಾವವೋ, ಕಪ್ಪೆ ಹೇಗಿವೆ, ಹೊಸ ಮರಿ ಯಾವಾಗ ಬಂತು ಎಂದು ಫೋನಿನಲ್ಲೇ ಬರೆದಿಟ್ಟುಕೊಳ್ಳಿ. ಉಬ್ಬಿ ನಾರುವ ಮೀನು ಯಾವ ಪರೀಕ್ಷೆಗೂ ಬಾರದು. ಸಾಯುತ್ತಿರುವ, ಇನ್ನೂ ಕಿವಿರು ಆಡಿಸುತ್ತಿರುವ ಮೀನು ಬೇಕು. ನೀರನ್ನು ಸ್ವಚ್ಛ ಬಾಟಲಿಯಲ್ಲಿ ಎರಡು ಮೂರು ಕಡೆ ಬೇರೆ ಬೇರೆಯಾಗಿ ಹಿಡಿದು, ಮೇಲೆ ಜಾಗ ಮತ್ತು ಗಂಟೆ ಬರೆದು, ಐಸ್‌ನಲ್ಲಿಟ್ಟು ಅದೇ ದಿನ ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಮುಟ್ಟಿಸಿ. ಕೊಡುವಾಗ ವೈರಸ್ ಪರೀಕ್ಷೆ ಆಗಬೇಕು ಎಂದು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದರೆ ಪಿಎಚ್ ನೋಡಿ ಕಳಿಸುತ್ತಾರೆ.

ನನ್ನ ನಾಲ್ಕು ಸಾಲಿನ ವಿಷಯ. ತಿದ್ದುಪಡಿ ಹಾಕಿ ಎಂದು ಕೇಳಿದೆ, ಹಳೇ ಸುದ್ದಿ ಬಿಡಿ ಎಂದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಆ ಕೆರೆಗೆ ಯಾರಾದರೂ ವಿಷ ಹಾಕಿದ್ದರು ಎನ್ನಲು ಯಾವ ಆಧಾರವೂ ಇರಲಿಲ್ಲ, ಹಾಗೆ ಬರೆದದ್ದು ನನ್ನ ತಪ್ಪು. ಇದರ ಲಿಂಕನ್ನು ಎರಡೂ ಮನೆಯ ಹುಡುಗರಿಗೆ ಕಳಿಸುತ್ತೇನೆ.

ಮಳೆ ಹಿಡಿದ ಮೇಲೆ ಮತ್ತೆ ಮರಿ ಬಿಡುವ ಕಾಲ ಬರುತ್ತದೆ. ಸಣ್ಣ ಕೆರೆಗಳ ಮೀನು ಹರಾಜು ಪಂಚಾಯಿತಿಯಲ್ಲೇ ಆಗುವುದರಿಂದ, ಮರಿ ಬಂದ ಕೊಳದ ನೀರಿನ ಪರೀಕ್ಷೆ ಚೀಟಿ ಇಲ್ಲದೆ ಕೆರೆಗೆ ಮರಿ ಬಿಡಬಾರದು ಎಂಬ ಒಂದು ಷರತ್ತನ್ನು ಹರಾಜಿನ ಕಾಗದಕ್ಕೆ ಸೇರಿಸಲು ಸದಸ್ಯರಿಗೆ ಹೇಳಬಹುದು. ಮೊದಲ ವರ್ಷ ಚೀಟಿ ಕೊಡುವವರು ಯಾರೂ ಸಿಗದೆ ಗಲಾಟೆ ಆಗುತ್ತದೆ, ಗೊತ್ತು. ಆ ಗಲಾಟೆ ಇಲಾಖೆಯ ಬಾಗಿಲಲ್ಲಿ ಆಗಲಿ. ಹೋದ ವರ್ಷ ಅದು ಎರಡು ಮನೆಗಳ ನಡುವೆ ಆಗಿತ್ತು.